ಕಾಡುದಾರಿಯ ಸಾರಥಿ ರೋಜರ್ ಕ್ಲಾರ್ಕ್

ಕಾಲೇಜಿನ ವಾರ್ಷಿಕ ಸಂಚಿಕೆಗೆ ಜೀವನಚರಿತ್ರೆಯೊಂದನ್ನು ಬರೆಯಹೊರಟವನು ದೇಶಭಕ್ತನನ್ನೋ ಕವಿಯನ್ನೋ ವಿಜ್ಞಾನಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ಅಂಥ ಮಹನೀಯರ ಬಾಳು ನಮಗೆ ಆದರ್ಶಪ್ರಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾನು ಈ ಲೇಖನಕ್ಕೆ ಆರಿಸಿಕೊಂಡಿರುವುದು ಒಬ್ಬ ಮೋಟಾರು ಚಾಲಕನನ್ನು. ಅವನ ಹೆಸರು ರೋಜರ್ ಆಲ್ಬರ್ಟ್ ಕ್ಲಾರ್ಕ್. ಇಂಗ್ಲೆಂಡಿನವನು. ಕಾಡುಗಳ ನಡುವಣ ಕಚ್ಚಾ ದಾರಿಗಳಲ್ಲಿ ಮೋಟಾರು ಓಡಿಸಿ ಕೀರ್ತಿ ಗಳಿಸಿದವನು. 1998ರಲ್ಲಿ ತೀರಿಕೊಂಡನು. ಮೋಟಾರು ಪಂದ್ಯಗಳ ಲೋಕದಲ್ಲಿ ಅವನ ಹೆಸರನ್ನು ಅರಿಯದವರು ವಿರಳ. ನಮ್ಮ ಕಡೆ ಅರಿತವರೇ ವಿರಳ.

ಈ ಆಯ್ಕೆಗೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಳ್ಳಕೆರೆಯ ಮೂವರು, ಮೊಳಕಾಲ್ಮೂರು ಕಡೆಯ ಮೂವರು, ಹೀಗೆ ಅಂತಿಮ ವರ್ಷದ ಆರು ಮಂದಿ ಸೇರಿ ಪದವಿ ಮುಗಿಯುವುದರೊಳಗೆ ಒಂದು ಪ್ರವಾಸ ಹೋಗಬೇಕೆಂದು ಯೋಚಿಸಿದೆವು. ಹಂಪೆ, ಚಿತ್ರದುರ್ಗಗಳನ್ನು ಎಲ್ಲರೂ ನೋಡಿದ್ದೆವು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ಮೋಟಾರು ರ‍್ಯಾಲಿಗಳು ನಡೆಯುತ್ತವೆಯೆಂದೂ, ಅವನ್ನು ಹತ್ತಿರದಿಂದಲೇ ನೋಡಬಹುದೆಂದೂ ಒಬ್ಬ ಗೆಳೆಯ ಸೂಚಿಸಿದನು. ಒಬ್ಬನು ಬಸ್ಸು, ರೈಲುಗಳ ವೇಳೆಯನ್ನು ವಿಚಾರಿಸುವುದು, ಮತ್ತೊಬ್ಬನು ಖರ್ಚಿನ ಲೆಕ್ಕ ಹಾಕುವುದು, ನಾನು ರ‍್ಯಾಲಿಯೆಂದರೇನು ಎಂಬುದನ್ನು ಓದಿಕೊಂಡು ಉಳಿದವರಿಗೆ ತಿಳಿಸುವುದು ಎಂದು ಕೆಲಸ ಹಂಚಿಕೊಂಡೆವು. ಹಾಗೆ ಓದುತ್ತ ಹೋದಾಗ ಕ್ಲಾರ್ಕನ ಪರಿಚಯವಾಯಿತು. ಪ್ರವಾಸಕ್ಕೆಂದು ಆರಂಭಿಸಿದ ಓದು ಒಬ್ಬ ಮನುಷ್ಯನ ಬಾಳಿನ ಮೇಲೆ ನಿಂತುಬಿಟ್ಟಿತು.

ಇನ್ನೂ ಒಂದು ಕಾರಣವುಂಟು. ಬಳ್ಳಾರಿ ರಸ್ತೆಯ ಬದಿಯಲ್ಲಿರುವ ಲಾರಿ ರಿಪೇರಿ ಷೆಡ್ಡೊಂದರಲ್ಲಿ ನನ್ನ ತಂದೆ ಮೇಸ್ತ್ರಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕ್ಲಾರ್ಕನೂ ಮೋಟಾರು ಷೆಡ್ಡಿನ ಮನೆಯಲ್ಲಿ ಬೆಳೆದವನು ಎಂದು ಓದಿದ ಕ್ಷಣದಿಂದ ಅವನು ನನಗೆ ಪರದೇಶದವನಾಗಿ ಉಳಿಯಲಿಲ್ಲ.

ಚರಿತ್ರೆಗೆ ಮುನ್ನ ರ‍್ಯಾಲಿಯ ಸ್ವರೂಪವನ್ನು ತಿಳಿಯುವುದು ಅವಶ್ಯ. ರೇಸು ಬೇರೆ, ರ‍್ಯಾಲಿ ಬೇರೆ. ರೇಸಿನಲ್ಲಿ ಹತ್ತಿಪ್ಪತ್ತು ಗಾಡಿಗಳು ಒಟ್ಟಿಗೆ ಹೊರಟು ಒಂದೇ ವರ್ತುಲವನ್ನು ಮತ್ತೆ ಮತ್ತೆ ಸುತ್ತುತ್ತವೆ. ರ‍್ಯಾಲಿಯಲ್ಲಿ ಗಾಡಿಗಳನ್ನು ಒಂದೊಂದು ನಿಮಿಷದ ಅಂತರದಲ್ಲಿ ಒಂದೊಂದಾಗಿ ಬಿಡುತ್ತಾರೆ. ದಾರಿಯಲ್ಲಿ ಹಲವು ಹಂತಗಳಿರುತ್ತವೆ. ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಸಾಮಾನ್ಯ ರಸ್ತೆಯಲ್ಲಿ, ಸಾಮಾನ್ಯ ವೇಗದಲ್ಲಿ, ಎಲ್ಲರಂತೆ ಕಾಯಿದೆಗೆ ತಲೆಬಾಗಿ ಹೋಗಬೇಕು. ಹಂತದೊಳಗೆ ಮಾತ್ರ ದಾರಿಯನ್ನು ಇತರರಿಗೆ ಮುಚ್ಚಿರುತ್ತಾರೆ. ಅಲ್ಲಿ ಸೆಕೆಂಡುಗಳ ಲೆಕ್ಕ. ಎಲ್ಲ ಹಂತಗಳ ಕಾಲವನ್ನು ಕೂಡಿಸಿ, ಯಾರದು ಕಡಿಮೆಯೋ ಅವರೇ ಗೆದ್ದವರು. ಗಾಡಿಯಲ್ಲಿ ಇಬ್ಬರಿರುತ್ತಾರೆ. ಒಬ್ಬನು ಓಡಿಸುವವನು, ಇನ್ನೊಬ್ಬನು ನಕ್ಷೆ, ಗಡಿಯಾರ, ಕಾಗದಪತ್ರಗಳನ್ನು ನೋಡಿಕೊಳ್ಳುವ ಸಹಚಾಲಕ.

ಬ್ರಿಟನ್ನಿನ ಆರ್. ಎ. ಸಿ. ರ‍್ಯಾಲಿಯು 1932ರಷ್ಟು ಹಳೆಯದು. ರಾಯಲ್ ಆಟೋಮೊಬೈಲ್ ಕ್ಲಬ್ಬು ಅದನ್ನು ನಡೆಸುತ್ತಿದ್ದುದರಿಂದ ಆ ಹೆಸರು. ಮೊದಮೊದಲು ಅದು ಗಾಡಿಯುಳ್ಳ ಶ್ರೀಮಂತರ ವಿಹಾರದಂತಿತ್ತು. ಅದರ ರೂಪವನ್ನು ಬದಲಿಸಿದವನು ಜಾಕ್ ಕೆಮ್ಸ್ಲಿ ಎಂಬ ಸಂಘಟಕ. ಮೊದಲನೆಯ ಮಹಾಯುದ್ಧದಲ್ಲಿ ಮರದ ಅಭಾವದಿಂದ ಕಷ್ಟಪಟ್ಟ ಬ್ರಿಟನ್ನು 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ, ಬೋಳು ಗುಡ್ಡಗಳ ಮೇಲೆ ಸ್ಪ್ರೂಸ್ ಮೊದಲಾದ ಸೂಜಿ ಎಲೆಯ ಮರಗಳನ್ನು ಸಾಲುಸಾಲಾಗಿ ನೆಡಿಸಿತ್ತು. ಕಡಿದ ಮರವನ್ನು ಲಾರಿಗಳಲ್ಲಿ ಸಾಗಿಸಲು ಆ ಕಾಡುಗಳೊಳಗೆ ಜಲ್ಲಿಯ ದಾರಿಗಳಿದ್ದವು. 1960ರಲ್ಲಿ ಸ್ಕಾಟ್ಲೆಂಡಿನ ಇಂಥ ಒಂದು ಕಾಡಿನಲ್ಲಿ ಸುಮಾರು ಎರಡು ಮೈಲಿಯ ದಾರಿಯನ್ನು ಕೆಮ್ಸ್ಲಿ ಪ್ರಯೋಗಕ್ಕಾಗಿ ಬಳಸಿದನು. ಮರುವರ್ಷ ಆಯೋಗವು ಇನ್ನೂ ಅನೇಕ ಕಾಡುಗಳ ಬಾಗಿಲನ್ನು ತೆರೆಯಿತು. ಅಲ್ಲಿಂದ ಮುಂದೆ ಆ ರ‍್ಯಾಲಿಯೆಂದರೆ ನವೆಂಬರಿನ ಚಳಿ, ಮಂಜು, ಕೆಸರು, ಇರುಳು ಮತ್ತು ಕಾಡು.

ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಈ ಕಾಡುದಾರಿಗಳಲ್ಲಿ ಮುಂಚಿತವಾಗಿ ಅಭ್ಯಾಸ ಮಾಡಲು ಯಾರಿಗೂ ಅಪ್ಪಣೆ ಇರಲಿಲ್ಲ. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಗುಡ್ಡದಾಚೆ ಇಳಿಜಾರೋ ಹಳ್ಳವೋ, ದೊಡ್ಡ ಹೆಸರಿನವನಿಗೂ ತಿಳಿಯದು, ಹೊಸಬನಿಗೂ ತಿಳಿಯದು. ಎಲ್ಲರಿಗೂ ಅದು ಕಾಣದ ದಾರಿ. ಕ್ಲಾರ್ಕನ ಬಾಳನ್ನು ಅರ್ಥಮಾಡಿಕೊಳ್ಳಲು ಇದೇ ಬೀಗದ ಕೈ.

ರೋಜರ್ ಕ್ಲಾರ್ಕನು ಹುಟ್ಟಿದ್ದು 1939ನೆಯ ಇಸವಿ ಆಗಸ್ಟ್ 5ರಂದು, ಇಂಗ್ಲೆಂಡಿನ ನಡುಭಾಗದಲ್ಲಿರುವ ಲೆಸ್ಟರ್‌ಷೈರ್ ಜಿಲ್ಲೆಯ ನಾರ್ಬರೊ ಎಂಬ ಊರಿನಲ್ಲಿ. ಮನೆಯವರದು ಮೋಟಾರು ವ್ಯಾಪಾರ ಮತ್ತು ದುರಸ್ತಿಯ ಉದ್ಯೋಗ. ಗಾಡಿಗಳ ನಡುವೆಯೇ ಆಡಿ ಬೆಳೆದ ಹುಡುಗನಿಗೆ ಯಂತ್ರವೆಂದರೆ ಭಯವೂ ಇರಲಿಲ್ಲ, ಪೂಜ್ಯಭಾವವೂ ಇರಲಿಲ್ಲ. ಅದೊಂದು ಬಳಸುವ ಸಾಮಾನು. ಒಕ್ಕಲಿಗನ ಮಗನಿಗೆ ನೇಗಿಲು ಹೇಗೋ, ಮೊಳಕಾಲ್ಮೂರಿನ ನೇಕಾರನ ಮಗನಿಗೆ ಮಗ್ಗದ ಲಾಳಿ ಹೇಗೋ ಹಾಗೆ. ಸುಮಾರು ಹದಿನೇಳನೆಯ ವಯಸ್ಸಿಗೇ ಅವನು ಊರ ಸುತ್ತಲಿನ ಮೋಟಾರು ಸಂಘದ ಸಣ್ಣ ಪಂದ್ಯಗಳಿಗೆ ಇಳಿದನು. ಓಡಿಸಿದ್ದು ಪಂದ್ಯದ ಗಾಡಿಯನ್ನಲ್ಲ, ಸಾಮಾನು ಸಾಗಿಸುವ ಫೋರ್ಡ್ ವ್ಯಾನನ್ನು. ಅದೇ ಸಂಘದ ಬಳಗದಲ್ಲಿ ಅವನಿಗೆ ಜಿಮ್ ಪೋರ್ಟರ್ ಎಂಬ ಗೆಳೆಯ ಸಿಕ್ಕಿದನು. ಪೋರ್ಟರನು ನಕ್ಷೆ ಓದುವುದರಲ್ಲಿ ನಿಪುಣ, ಕ್ಲಾರ್ಕನು ಓಡಿಸುವುದರಲ್ಲಿ. ಇವರಿಬ್ಬರ ಜೊತೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.

1960ರ ದಶಕದ ಮೊದಲಲ್ಲಿ ಕಂಪನಿಗಳು ಅವನನ್ನು ಗುರುತಿಸತೊಡಗಿದವು. 1965ರ ಜನವರಿಯಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ನಡೆದಾಗ ಭಾರಿ ಹಿಮ ಸುರಿದು ಹೊರಟ ಗಾಡಿಗಳಲ್ಲಿ ಬಹುಪಾಲು ದಾರಿಯಲ್ಲೇ ಉಳಿದವು. ಆ ಹಿಮದಲ್ಲಿ ಕ್ಲಾರ್ಕ್ ಮತ್ತು ಪೋರ್ಟರ್ ರೋವರ್ 2000 ಗಾಡಿಯನ್ನು ಆರನೆಯ ಸ್ಥಾನಕ್ಕೆ ತಂದರು. ರೋವರ್ ಪಂದ್ಯಕ್ಕೆ ಹುಟ್ಟಿದ ಗಾಡಿಯಲ್ಲ. ಡಾಕ್ಟರು, ವಕೀಲರು ಓಡಾಡುವ ಮರ್ಯಾದೆಯ ಗಾಡಿ. ಅದೇ ವರ್ಷ ಅವನು ಬ್ರಿಟಿಷ್ ರ‍್ಯಾಲಿ ಚಾಂಪಿಯನ್ ಆದನು. ಮುಂದೆ 1972, 1973 ಮತ್ತು 1975ರಲ್ಲಿಯೂ ಆ ಪದವಿ ಅವನಿಗೆ ದೊರೆಯಿತು. 1966ರಿಂದ ಅವನು ಫೋರ್ಡ್ ಕಂಪನಿಯ ತಂಡವನ್ನು ಸೇರಿದನು. ಅವನ ಹೆಸರು ಫೋರ್ಡಿನ ಹೆಸರಿನೊಡನೆ ಬೆಸೆದುಹೋಯಿತು.

ಕ್ಲಾರ್ಕನ ವಿದ್ಯೆ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಡಿಯನ್ನು ಅಡ್ಡಡ್ಡಲಾಗಿ ಓಡಿಸುವುದು. ಅವನು 1976ರಲ್ಲಿ ಗ್ರಹಾಂ ರಾಬ್ಸನ್ ಎಂಬ ಲೇಖಕನ ಜೊತೆಗೂಡಿ ಪ್ರಕಟಿಸಿದ ಆತ್ಮಕಥೆಯ ಹೆಸರಿನಲ್ಲೂ ಈ ಅಡ್ಡ ಓಟದ ಮಾತೇ ಇದೆ. ಇದು ಕೇಳುವವರಿಗೆ ನಗೆಯೆನಿಸಬಹುದು. ಆದರೆ ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ ನಮ್ಮ ಕಡೆಯ ಯಾರಿಗಾದರೂ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಡಾಂಬರು ರಸ್ತೆಯಲ್ಲಿ ಚಕ್ರವನ್ನು ತಿರುಗಿಸಿದರೆ ಗಾಡಿ ತಿರುಗುತ್ತದೆ. ಸಡಿಲ ಜಲ್ಲಿಯ ಮೇಲೆ ಹಾಗಲ್ಲ. ವೇಗ ಹೆಚ್ಚಾಗಿದ್ದರೆ ಮುಂದಿನ ಚಕ್ರಗಳು ತಿರುಗಿದ್ದರೂ ಗಾಡಿ ನೇರವಾಗಿ ಜಾರಿ ಮರಕ್ಕೆ ಗುದ್ದುತ್ತದೆ. ಆದ್ದರಿಂದ ಬಲ್ಲ ಚಾಲಕನು ತಿರುವು ಬರುವುದಕ್ಕೆ ಮುಂಚೆಯೇ ಗಾಡಿಯನ್ನು ಕ್ಷಣಕಾಲ ಎದುರು ದಿಕ್ಕಿಗೆ ಎಳೆದು, ಕೂಡಲೇ ಈ ಕಡೆಗೆ ತಿರುಗಿಸುತ್ತಾನೆ. ಆ ಓಲಾಟಕ್ಕೆ ಹಿಂಭಾಗ ಬೀಸಿ ಬರುತ್ತದೆ. ಗಾಡಿಯ ಮೂತಿ ತಿರುವಿನ ಒಳಗಡೆಗೆ ನೋಡುತ್ತದೆ. ದೇಹವೆಲ್ಲ ಅಡ್ಡವಾಗಿ ಜಾರುತ್ತಿರುತ್ತದೆ. ಆಗ ಸ್ಟೇರಿಂಗನ್ನು ಜಾರುವ ಕಡೆಗೇ ತಿರುಗಿಸಿ ಹಿಡಿದು, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಅಳತೆಯಾಗಿ ಕೊಟ್ಟರೆ ಗಾಡಿ ತಿರುವಿನಿಂದ ಚಿಮ್ಮಿ ಹೊರಬರುತ್ತದೆ. ನೋಡುವವನಿಗೆ ಗಾಡಿ ಕೈತಪ್ಪಿದಂತೆ ಕಾಣುತ್ತದೆ. ವಾಸ್ತವವಾಗಿ ಅದು ಪೂರಾ ಕೈಯಲ್ಲಿರುವ ಕ್ಷಣವೇ ಅದು.

ಈ ಕಲೆಯನ್ನು ಬೆಳೆಸಿದವರು ಸ್ವೀಡನ್, ಫಿನ್ಲೆಂಡ್ ದೇಶದವರು. ಅವರ ಊರಿನ ದಾರಿಗಳೇ ಜಲ್ಲಿ ಮತ್ತು ಹಿಮದ ದಾರಿಗಳಾದ್ದರಿಂದ ಅದು ಅವರಿಗೆ ಬಾಲ್ಯದಿಂದ ಬಂದದ್ದು. ಬ್ರಿಟನ್ನಿನ ರ‍್ಯಾಲಿ ಕಾಡಿಗೆ ಹೊಕ್ಕ ಮೇಲೆ 1960ರಿಂದ 1971ರವರೆಗೆ ಹನ್ನೊಂದು ಸಲ ನಡೆಯಿತು. ಹನ್ನೊಂದು ಸಲವೂ ಗೆದ್ದವರು ಆ ಎರಡು ದೇಶದವರೇ: ಎರಿಕ್ ಕಾರ್ಲ್ಸನ್ ಒಬ್ಬನೇ ಸತತವಾಗಿ ಮೂರು ಸಲ, ಟಾಮ್ ಟ್ರಾನಾ ಎರಡು ಸಲ, ಹ್ಯಾರಿ ಷೆಲ್‌ಸ್ಟ್ರೋಮ್ ಎರಡು ಸಲ, ಉಳಿದವರು ಒಂದೊಂದು ಸಲ. ತಮ್ಮ ಕಾಡಿನಲ್ಲಿ ತಮ್ಮವನೊಬ್ಬನು ಗೆಲ್ಲುವುದನ್ನು ಆ ಊರಿನ ಮಕ್ಕಳು ಕಂಡಿರಲಿಲ್ಲ.

ಹನ್ನೆರಡು ವರ್ಷಗಳಲ್ಲಿ ಹನ್ನೊಂದೇ ಸಲ ಏಕೆಂದು ವಾಚಕರು ಕೇಳಬಹುದು. 1967ರಲ್ಲಿ ರ‍್ಯಾಲಿ ನಡೆಯಲಿಲ್ಲ. ಆ ನವೆಂಬರಿನಲ್ಲಿ ಬ್ರಿಟನ್ನಿನ ದನಕರುಗಳಿಗೆ ಕಾಲುಬಾಯಿ ರೋಗ ಹರಡಿತ್ತು. ಗಾಡಿಗಳ ಚಕ್ರಕ್ಕೂ ಪ್ರೇಕ್ಷಕರ ಪಾದಕ್ಕೂ ಅಂಟಿ ರೋಗವು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋದೀತೆಂದು, ಎಲ್ಲ ಸಿದ್ಧತೆಯೂ ಮುಗಿದು ಇನ್ನೇನು ಮರುದಿನ ಹೊರಡಬೇಕೆನ್ನುವಾಗ ರ‍್ಯಾಲಿಯನ್ನು ರದ್ದುಮಾಡಿದರು. ಅಮೃತಮಹಲ್ ಕಾವಲುಗಳ ನೆರೆಯಲ್ಲಿ ಹುಟ್ಟಿ, ದೇವರ ಎತ್ತುಗಳಿಗೆ ಕೈಮುಗಿಯುವ ಹಟ್ಟಿಗಳನ್ನು ಕಂಡ ನಮಗೆ ಈ ನಿರ್ಧಾರದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆಟಕ್ಕಿಂತ ದನ ಮೇಲು.

1968ನೆಯ ಇಸವಿ ಕ್ಲಾರ್ಕನ ಬಾಳಿನಲ್ಲಿ ಮುಖ್ಯವಾದುದು. ಆ ವರ್ಷ ಫೋರ್ಡ್ ಕಂಪನಿಯು ಎಸ್ಕಾರ್ಟ್ ಎಂಬ ಚಿಕ್ಕ ಗಾಡಿಯನ್ನು ಹೊರತಂದಿತು. ಹಗುರವಾದ ಮೈ, ಹಿಂದಿನ ಚಕ್ರಗಳಿಗೆ ಬಲ, ಸುಲಭವಾಗಿ ಬಿಚ್ಚಿ ಕಟ್ಟಬಹುದಾದ ಸರಳ ರಚನೆ. ಕ್ಲಾರ್ಕನ ಕೈಗೆ ಹೇಳಿ ಮಾಡಿಸಿದಂತಿತ್ತು. ಐರ್ಲೆಂಡಿನ ಸರ್ಕ್ಯೂಟ್ ರ‍್ಯಾಲಿಯಲ್ಲಿ ಆ ಗಾಡಿಗೆ ಮೊದಲ ದೊಡ್ಡ ಜಯವನ್ನು ತಂದುಕೊಟ್ಟವನು ಅವನೇ. ಅದೇ ವರ್ಷ ಹಾಲೆಂಡಿನ ಟ್ಯುಲಿಪ್ ರ‍್ಯಾಲಿಯನ್ನೂ, ಗ್ರೀಸಿನ ಬಂಡೆಗಲ್ಲಿನ ದಾರಿಗಳಲ್ಲಿ ಬಿರುಬಿಸಿಲಲ್ಲಿ ನಡೆಯುವ ಅಕ್ರೊಪೊಲಿಸ್ ರ‍್ಯಾಲಿಯನ್ನೂ ಗೆದ್ದನು. ಬಂಡೆ, ಧೂಳು, ಬಿಸಿಲುಗಳ ಆ ವರ್ಣನೆಯನ್ನು ಓದುವಾಗ ನನಗೆ ಗ್ರೀಸಿಗಿಂತ ಹೆಚ್ಚಾಗಿ ಮೊಳಕಾಲ್ಮೂರಿನ ಗುಡ್ಡಗಳೇ ಕಣ್ಣಮುಂದೆ ಬಂದವು.

ವರ್ಷದ ಕೊನೆಯಲ್ಲಿ ಕ್ಲಾರ್ಕನು ನಮ್ಮ ದೇಶದ ನೆಲದ ಮೇಲೂ ಹಾದುಹೋದನು. ಲಂಡನ್ನಿನಿಂದ ಸಿಡ್ನಿಯವರೆಗೆ ಸುಮಾರು 10,000 ಮೈಲಿಯ ಮಹಾ ಮೋಟಾರು ಓಟವೊಂದು 1968ರ ನವೆಂಬರ್ 24ರಂದು ಹೊರಟಿತು. ಹೊರಟ ಗಾಡಿಗಳು 98. ಪ್ಯಾರಿಸ್, ಬೆಲ್‌ಗ್ರೇಡ್, ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಅವು ದೆಹಲಿಗೆ ಬಂದು ಅಲ್ಲಿಂದ ಮುಂಬಯಿಗೆ ಇಳಿದವು. ನಮ್ಮ ರಸ್ತೆಗಳ ಎರಡು ಕಡೆಯೂ ಜನ ಗುಂಪುಗುಂಪಾಗಿ ನಿಂತು ನೋಡಿದರು. ಕ್ಲಾರ್ಕನೂ ಸ್ವೀಡನ್ನಿನ ಓವೆ ಆಂಡರ್ಸನ್ನನೂ ಲೋಟಸ್ ಕಾರ್ಟಿನಾ ಗಾಡಿಯಲ್ಲಿದ್ದರು. ಮುಂಬಯಿಗೆ ಮುಟ್ಟಿದಾಗ ಎಲ್ಲರಿಗಿಂತ ಮುಂದಿದ್ದವರು ಅವರೇ. ಅಲ್ಲಿಂದ ಗಾಡಿಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಒಯ್ದರು.

ಆಸ್ಟ್ರೇಲಿಯದ ಮರುಭೂಮಿಯಲ್ಲಿ ಅದೃಷ್ಟ ತಿರುಗಿತು. ಎಂಜಿನ್ ಕೆಟ್ಟಿತು. ತಮ್ಮದೇ ತಂಡದ ಹಿಂದುಳಿದ ಇನ್ನೊಂದು ಗಾಡಿಯ ಸಿಲಿಂಡರ್ ಹೆಡ್ಡನ್ನು ಬಿಚ್ಚಿ ಇದಕ್ಕೆ ಜೋಡಿಸಿದರು. ಮುಂದೆ ಹೋಗುತ್ತಿರುವಾಗ ಹಿಂದಿನ ಆಕ್ಸಲ್ ಮುರಿಯಿತು. ಸುತ್ತಮುತ್ತ ಅಂಗಡಿಯಿಲ್ಲ, ಷೆಡ್ಡಿಲ್ಲ. ರ‍್ಯಾಲಿ ನೋಡಲೆಂದು ಬಂದಿದ್ದ ಒಬ್ಬನ ಬಳಿ ಕಾರ್ಟಿನಾ ಗಾಡಿಯೇ ಇದ್ದಿತು. ಕ್ಲಾರ್ಕನು ಅವನನ್ನು ಒಪ್ಪಿಸಿ ಅವನ ಗಾಡಿಯ ಆಕ್ಸಲನ್ನೇ ಬಿಚ್ಚಿಕೊಂಡು ತನ್ನದಕ್ಕೆ ಹಾಕಿಸಿಕೊಂಡನು! ಇಷ್ಟೆಲ್ಲ ಆಗುವಷ್ಟರಲ್ಲಿ ಬಹಳ ಹೊತ್ತು ಕಳೆದಿತ್ತು. ಗೆದ್ದವನು ಸ್ಕಾಟ್ಲೆಂಡಿನ ಆಂಡ್ರೂ ಕೋವನ್. ಕ್ಲಾರ್ಕನಿಗೆ ಹತ್ತನೆಯ ಸ್ಥಾನ. ಈ ಪ್ರಸಂಗವನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನನ್ನ ತಂದೆ ಗೆದ್ದವನ ವಿಷಯವನ್ನು ಕೇಳಲೇ ಇಲ್ಲ. ಆ ಬಯಲಿನಲ್ಲಿ ಆಕ್ಸಲ್ ಬಿಚ್ಚಲು ಜ್ಯಾಕನ್ನು ಎಲ್ಲಿ ಕೊಟ್ಟರು, ಎಷ್ಟು ಮಂದಿ ಕೈಹಾಕಿದರು, ಆಕ್ಸಲ್ ಕೊಟ್ಟವನು ಮನೆಗೆ ಹೇಗೆ ಹೋದ ಎಂದು ಕೇಳುತ್ತ ಹೋದರು. ಕೆಲಸ ಬಲ್ಲವರು ಚರಿತ್ರೆಯನ್ನು ಓದುವ ರೀತಿಯೇ ಬೇರೆ ಎಂದು ನನಗೆ ಅಂದು ಮನವರಿಕೆಯಾಯಿತು.

ಮತ್ತೆ ನಾಲ್ಕು ವರ್ಷ ಕಳೆಯಿತು. 1970ರಲ್ಲಿ ಲಂಡನ್ನಿನಿಂದ ಮೆಕ್ಸಿಕೊವರೆಗೆ ನಡೆದ ಓಟದಲ್ಲಿ ಕ್ಲಾರ್ಕನು ಗುರಿ ಮುಟ್ಟಲಿಲ್ಲ. ತನ್ನ ದೇಶದ ಕಾಡಿನ ರ‍್ಯಾಲಿಯಲ್ಲಿ ವರ್ಷವರ್ಷವೂ ಸ್ಪರ್ಧಿಸುತ್ತಿದ್ದನು. ವರ್ಷವರ್ಷವೂ ಉತ್ತರದವರೇ ಗೆಲ್ಲುತ್ತಿದ್ದರು. ಅವನಿಗೆ ಮೂವತ್ತಮೂರು ವರ್ಷ ತುಂಬಿತು. 1972ರ ರ‍್ಯಾಲಿ ಬಂದಾಗ ಹಳೆಯ ಜೊತೆಗಾರ ಪೋರ್ಟರನೂ ಪಕ್ಕದಲ್ಲಿರಲಿಲ್ಲ. ಅವನು ಆ ರ‍್ಯಾಲಿಯನ್ನು ನಡೆಸುವವರ ಬಳಗಕ್ಕೆ ಸೇರಿದ್ದನು. ಅವನ ಜಾಗದಲ್ಲಿ ಫೋರ್ಡ್ ತಂಡದ ಟೋನಿ ಮೇಸನ್ ಕುಳಿತನು. ಎದುರಿಗೆ ಹಿಂದಿನ ವರ್ಷ ಗೆದ್ದಿದ್ದ ಸ್ವೀಡನ್ನಿನ ಸ್ಟಿಗ್ ಬ್ಲೂಮ್‌ಕ್ವಿಸ್ಟ್. ಹಗಲಿರುಳು ಕಾಡಿನಿಂದ ಕಾಡಿಗೆ ನಡೆದ ಆ ಓಟದ ಕೊನೆಯಲ್ಲಿ ಎಸ್ಕಾರ್ಟ್ ಗಾಡಿಯ ಕ್ಲಾರ್ಕನೇ ಮೊದಲಿಗನಾಗಿದ್ದನು, ಬ್ಲೂಮ್‌ಕ್ವಿಸ್ಟ್ ಎರಡನೆಯವನು. 1959ರ ಬಳಿಕ ಬ್ರಿಟನ್ನಿನವನೊಬ್ಬನು ಆ ರ‍್ಯಾಲಿಯನ್ನು ಗೆದ್ದುದು ಅದೇ ಮೊದಲು. ಕಾಡಿನ ರ‍್ಯಾಲಿಯಾಗಿ ಮಾರ್ಪಟ್ಟ ಮೇಲಂತೂ ಅದೇ ಪ್ರಪ್ರಥಮ.

ಅನಂತರದ ಮೂರು ವರ್ಷ ಫಿನ್ಲೆಂಡಿನ ಟಿಮೊ ಮ್ಯಾಕಿನೆನ್ ಗೆದ್ದನು. ಅವನೂ ಓಡಿಸಿದ್ದು ಎಸ್ಕಾರ್ಟನ್ನೇ. 1973 ಮತ್ತು 1975ರಲ್ಲಿ ಕ್ಲಾರ್ಕನಿಗೆ ಎರಡನೆಯ ಸ್ಥಾನ. ಇನ್ನು ಅವನ ಕಾಲ ಮುಗಿಯಿತೆಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 1976ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಸ್ಟುವರ್ಟ್ ಪೆಗ್ ಎಂಬ ಸಹಚಾಲಕನೊಡನೆ ಅವನು ಮತ್ತೆ ಗೆದ್ದನು. ಈ ಸಲವೂ ಎರಡನೆಯವನು ಬ್ಲೂಮ್‌ಕ್ವಿಸ್ಟನೇ. ಅಷ್ಟರಲ್ಲಿ, 1973ರಿಂದ, ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಆರಂಭವಾಗಿತ್ತು. ಆ ಸರಣಿಯ ರ‍್ಯಾಲಿಯೊಂದನ್ನು ಗೆದ್ದ ಮೊದಲ ಬ್ರಿಟಿಷನೆಂಬ ಹೆಸರು ಕ್ಲಾರ್ಕನಿಗೆ ಬಂದಿತು. ಇನ್ನೊಬ್ಬ ಬ್ರಿಟಿಷನು, ಸ್ಕಾಟ್ಲೆಂಡಿನ ಕಾಲಿನ್ ಮೆಕ್‌ರೇ, ನ್ಯೂಜಿಲೆಂಡಿನಲ್ಲಿ ಆ ಸಾಧನೆಯನ್ನು ಮಾಡಿದ್ದು 1993ರಲ್ಲಿ. ಬ್ರಿಟನ್ನಿನ ರ‍್ಯಾಲಿಯನ್ನೇ ಮತ್ತೊಬ್ಬ ಬ್ರಿಟಿಷನು, ಅದೇ ಮೆಕ್‌ರೇ, ಗೆದ್ದುದು 1994ರಲ್ಲಿ. ನಡುವೆ ಹದಿನೆಂಟು ವರ್ಷಗಳ ಅಂತರ.

ಸಾಧನೆಯ ಪಟ್ಟಿಯನ್ನು ಇಷ್ಟಕ್ಕೆ ನಿಲ್ಲಿಸಿ ಮನುಷ್ಯನನ್ನು ನೋಡೋಣ. ಕ್ಲಾರ್ಕನು ಮಿತಭಾಷಿ, ನಿಶ್ಚಿಂತ ಸ್ವಭಾವದವನು. ದಾರಿಯನ್ನು ಮೊದಲೇ ಹತ್ತು ಸಲ ಓಡಿ, ಪ್ರತಿ ತಿರುವನ್ನೂ ಬರೆದುಕೊಂಡು ಅಭ್ಯಾಸ ಮಾಡುವುದೆಂದರೆ ಅವನಿಗೆ ಅಷ್ಟು ರುಚಿಸುತ್ತಿರಲಿಲ್ಲ. ಅಂಥ ಅಭ್ಯಾಸಕ್ಕೆ ಅವಕಾಶವಿದ್ದ ಯುರೋಪಿನ ರ‍್ಯಾಲಿಗಳಿಗಿಂತ ಯಾರೂ ಕಾಣದ ಬ್ರಿಟನ್ನಿನ ಕಾಡುದಾರಿಗಳಲ್ಲಿಯೇ ಅವನ ಪ್ರತಿಭೆ ಬೆಳಗಿತು. ಸಿಗರೇಟಿನ ಚಟವಿತ್ತು. ಗುಣವನ್ನು ಹೇಳುವಾಗ ದೋಷವನ್ನು ಮುಚ್ಚಿಡುವುದು ಚರಿತ್ರಕಾರನಿಗೆ ಸಲ್ಲದು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದುದು ಇನ್ನೊಂದು ಸಂಗತಿ. ಅಷ್ಟು ಕೀರ್ತಿ ಬಂದರೂ ಕ್ಲಾರ್ಕನು ಮನೆಯ ಮೋಟಾರು ಉದ್ಯೋಗವನ್ನು ಬಿಡಲಿಲ್ಲ. ರ‍್ಯಾಲಿ ಮುಗಿದರೆ ಲೆಸ್ಟರ್‌ಷೈರಿಗೆ ಮರಳುತ್ತಿದ್ದನು. ಅಲ್ಲಿಯ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದನು. ಅವನ ಸಮಕಾಲೀನರಲ್ಲಿ ಅನೇಕರಿಗೆ ಓಡಿಸುವುದೇ ಪೂರ್ಣ ವೃತ್ತಿ. ಇವನಿಗೆ ಅದು ಬಾಳಿನ ಅರ್ಧ. ಷೆಡ್ಡಿನ ಮನೆಯಿಂದ ಬಂದುದನ್ನು ಅವನು ದಾಟಿಹೋಗಬೇಕಾದ ಹಳ್ಳವೆಂದು ಎಣಿಸಲಿಲ್ಲ, ನಿಲ್ಲುವ ನೆಲವೆಂದು ಎಣಿಸಿದನು.

ನಮ್ಮಲ್ಲಿ ಈ ಮಾತಿಗೆ ಅರ್ಥವಿದೆ. ಈ ಕಾಲೇಜಿನ ತರಗತಿಗಳಲ್ಲಿ ಕುಳಿತವರಲ್ಲಿ ಶೇಂಗಾ ಬಿತ್ತುವವರ ಮಕ್ಕಳಿದ್ದಾರೆ, ಎಣ್ಣೆ ಗಿರಣಿಯ ಹಮಾಲರ ಮಕ್ಕಳಿದ್ದಾರೆ, ರೇಷ್ಮೆ ಸೀರೆ ನೇಯುವವರ ಮಕ್ಕಳಿದ್ದಾರೆ, ಕುರಿ ಕಾಯುವವರ ಮಕ್ಕಳಿದ್ದಾರೆ. ಬಿ. ಎ. ಓದುವ ಹುಡುಗನು ರಜೆಯಲ್ಲಿ ಷೆಡ್ಡಿಗೆ ಹೋಗಿ ಪಾನಾ ಹಿಡಿದರೆ ನೆಂಟರು ನಗುತ್ತಾರೆ, ಓದಿ ಏನು ಬಂತೆಂದು ಕೇಳುತ್ತಾರೆ. ಓದು ಎಂದರೆ ಕೈಯ ಕೊಳೆಯಿಂದ ಬಿಡುಗಡೆ ಎಂಬ ಭಾವನೆ ಬಲವಾಗಿದೆ. ನನ್ನ ತಂದೆಗೇ ಹಾಗೆ ಅನಿಸುತ್ತದೆ. ನಾನು ಸರ್ಕಾರಿ ಕೆಲಸ ಹಿಡಿಯಬೇಕೆಂಬುದು ಅವರ ಇಚ್ಛೆ. ನಾನು ಆ ಪರೀಕ್ಷೆಗಳಿಗೂ ಓದುತ್ತಿದ್ದೇನೆ. ಆದರೆ ಕ್ಲಾರ್ಕನ ಚರಿತ್ರೆಯನ್ನು ಓದಿದ ಮೇಲೆ ಒಂದು ವಿಷಯ ನಿಶ್ಚಯವಾಗಿದೆ. ಯಾವ ಕೆಲಸ ಸಿಕ್ಕಿದರೂ ತಂದೆಯ ವಿದ್ಯೆಯನ್ನು ಕಲಿಯದೆ ಬಿಡಬಾರದು. ಭಾನುವಾರಗಳಲ್ಲಿ ಈಗ ಅವರ ಬಳಿ ಗೇರ್ ಬಾಕ್ಸಿನ ಕೆಲಸವನ್ನು ಕಲಿಯುತ್ತಿದ್ದೇನೆ. ಅವರಿಗೆ ಇದು ಪೂರ್ತಿ ಸಮ್ಮತವಿಲ್ಲ, ಬೇಡವೆಂದೂ ಹೇಳಿಲ್ಲ.

1980ರ ದಶಕದ ಆರಂಭಕ್ಕೆ ಕ್ಲಾರ್ಕನು ದೊಡ್ಡ ಪಂದ್ಯಗಳಿಂದ ಹಿಂದೆ ಸರಿದನು. 1998ರ ಜನವರಿ 12ರಂದು ಮೃತನಾದನು. ಆಗ ಅವನ ವಯಸ್ಸು ಐವತ್ತೆಂಟು ಮಾತ್ರ.

ಅವನ ಹೆಸರು ಉಳಿದಿರುವ ರೀತಿ ಸೊಗಸಾಗಿದೆ. ಕಾಲಕ್ರಮದಲ್ಲಿ ಹೊಸ ಗಾಡಿಗಳ ರ‍್ಯಾಲಿಗಳು ಚಿಕ್ಕವಾದವು. ಕಾಡಿನಿಂದ ಕಾಡಿಗೆ ದಿನಗಟ್ಟಲೆ ಹೋಗುವ ಹಳೆಯ ಪದ್ಧತಿ ಮರೆಯಾಗತೊಡಗಿತು. ಆಗ ಹಳೆಯ ಗಾಡಿಗಳನ್ನು ಕಾಪಾಡಿಕೊಂಡು ಬಂದವರು ಸೇರಿ 2004ರಲ್ಲಿ ಹಳೆಯ ಮಾದರಿಯ ರ‍್ಯಾಲಿಯೊಂದನ್ನು ಆರಂಭಿಸಿದರು. ಅದಕ್ಕೆ ರೋಜರ್ ಆಲ್ಬರ್ಟ್ ಕ್ಲಾರ್ಕ್ ರ‍್ಯಾಲಿ ಎಂದು ಹೆಸರಿಟ್ಟರು. ಅವನ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಆರ್. ಎ. ಸಿ. ಎಂದೇ ಆಗುವುದು ಎಂಥ ಯೋಗಾಯೋಗ! 2017ರಿಂದ ಅದು ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ನಡೆಯುತ್ತ ಬಂದಿದೆ. ವೇಲ್ಸ್, ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡುಗಳ ಕಾಡುಗಳು ಅದರ ರಂಗಸ್ಥಳ. ನಲವತ್ತು ಐವತ್ತು ವರ್ಷಗಳ ಹಿಂದಿನ ಎಸ್ಕಾರ್ಟುಗಳು ಮತ್ತೆ ಅದೇ ಜಲ್ಲಿಯ ಮೇಲೆ ಅಡ್ಡಡ್ಡಲಾಗಿ ಜಾರುತ್ತವೆ. ಜನರು ರಜೆ ಹಾಕಿ, ನಕ್ಷೆ ಹಿಡಿದು, ಯಾವ ಕಾಡಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕೆಂದು ತಿಂಗಳುಗಳ ಮುಂಚೆಯೇ ಲೆಕ್ಕ ಹಾಕಿ, ಬುತ್ತಿ, ಟಾರ್ಚು, ಮಳೆಯಂಗಿಗಳೊಂದಿಗೆ ನಡುರಾತ್ರಿಯಲ್ಲಿ ಮರಗಳ ಕೆಳಗೆ ಕಾಯುತ್ತಾರೆ. ಮೊದಲು ಕೇಳುವುದು ದೂರದ ಸದ್ದು. ಅನಂತರ ಮರಗಳ ನಡುವೆ ಬೆಳಕು. ಆಮೇಲೆ ಒಂದು ಕ್ಷಣದ ದರ್ಶನ. ಕೊನೆಗೆ ಧೂಳೋ ಕೆಸರೋ ಮೈಮೇಲೆ. ನಾಯಕನಹಟ್ಟಿಯ ತೇರಿಗೆ ಹೋಗುವವರ ಸಡಗರವನ್ನು ಬಲ್ಲ ನಮಗೆ ಇದೇನೂ ಹೊಸದಲ್ಲ.

ಅಲ್ಲಿಗೆ ಹೋಗುವ ಶಕ್ತಿ ನಮ್ಮ ಕಿಸೆಗಿಲ್ಲ. ಆದುದರಿಂದ ನಮ್ಮ ಆರು ಮಂದಿಯ ಯೋಜನೆ ಚಿಕ್ಕಮಗಳೂರಿಗೇ ನಿಂತಿದೆ. ಕರ್ನಾಟಕದಲ್ಲಿ ರ‍್ಯಾಲಿ ಹೊಸತೇನಲ್ಲ. ಕೆ-1000 ಎಂಬ ರ‍್ಯಾಲಿ 1970ರ ದಶಕದಲ್ಲಿಯೇ ಆರಂಭವಾಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ರ‍್ಯಾಲಿಗಳೂ ನಡೆದಿವೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಬ್ರಿಟನ್ನಿನ ಆ ಕಾಡುಗಳು ಮರಕ್ಕಾಗಿ ಮನುಷ್ಯನೇ ನೆಟ್ಟವು. ನಮ್ಮ ಮಲೆನಾಡಿನ ಕಾಡು ಆನೆ, ಕಾಟಿ, ಹುಲಿಗಳ ಮನೆ. ಅದರೊಳಗೆ ಇಂಥ ಆಟ ಸಲ್ಲದು. ತೋಟದ ದಾರಿಗಳೇ ಅದಕ್ಕೆ ತಕ್ಕ ಸ್ಥಳ.

ಪ್ರಯಾಣದ ವಿಷಯದಲ್ಲಿ ಎರಡು ಪಕ್ಷಗಳಾಗಿವೆ. ಚಿತ್ರದುರ್ಗ, ಹೊಸದುರ್ಗ, ಕಡೂರಿನ ಮೇಲೆ ಬಸ್ಸಿನಲ್ಲಿ ಹೋಗೋಣವೆಂದು ಕೆಲವರು. ಚಳ್ಳಕೆರೆಯಿಂದ ಚಿಕ್ಕಜಾಜೂರಿಗೆ, ಅಲ್ಲಿಂದ ಕಡೂರಿಗೆ, ಅಲ್ಲಿಂದ 2013ರಲ್ಲಿ ತೆರೆದ ಹೊಸ ಮಾರ್ಗದಲ್ಲಿ ಚಿಕ್ಕಮಗಳೂರಿಗೆ ರೈಲಿನಲ್ಲೇ ಹೋಗೋಣವೆಂದು ಉಳಿದವರು. ಯಾವ ದಾರಿಯಲ್ಲಿ ಹೋದರೂ ಅಲ್ಲಿ ನಿಲ್ಲುವ ನಿಯಮ ಒಂದೇ. ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು, ಏಕೆಂದರೆ ಜಾರಿದ ಗಾಡಿ ಬರುವುದು ಅಲ್ಲಿಗೇ; ದಾರಿಗಿಂತ ಎತ್ತರದ ದಿಬ್ಬದ ಮೇಲೆ ನಿಲ್ಲಬೇಕು; ಒಂದು ಗಾಡಿ ಹೋಯಿತೆಂದು ದಾರಿಗೆ ಇಳಿಯಬಾರದು, ಏಕೆಂದರೆ ನಿಮಿಷದಲ್ಲಿ ಮತ್ತೊಂದು ಬರುತ್ತದೆ. ಫೋಟೋ ತೆಗೆಯುವ ಆಸೆಯಿಂದ ಪ್ರಾಣ ಕಳೆದುಕೊಂಡವರು ಜಗತ್ತಿನ ರ‍್ಯಾಲಿಗಳಲ್ಲಿ ಇದ್ದಾರೆ.

ಕ್ಲಾರ್ಕನ ಬಾಳಿನಿಂದ ನಾನು ಕಲಿತದ್ದನ್ನು ಹೇಳಿ ಲೇಖನಿಯನ್ನು ಕೆಳಗಿಡುತ್ತೇನೆ. ಓದಿದ ಮನೆತನದಿಂದ ಬಂದ ವಿದ್ಯಾರ್ಥಿಗೆ ಮುಂದಿನ ತಿರುವುಗಳನ್ನು ತಂದೆಯೋ ಅಣ್ಣನೋ ಮೊದಲೇ ಬರೆದುಕೊಟ್ಟಿರುತ್ತಾರೆ. ನಮ್ಮಲ್ಲಿ ಬಹು ಮಂದಿಗೆ ಅಂಥ ಟಿಪ್ಪಣಿಯಿಲ್ಲ. ಅರ್ಜಿ ಎಲ್ಲಿಗೆ ಹಾಕಬೇಕು, ಪದವಿಯ ಮುಂದೆ ಏನಿದೆ, ಯಾವ ದಾರಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮನೆಯಲ್ಲಿ ಹೇಳುವವರಿಲ್ಲ. ಇದೊಂದು ಕೊರತೆಯೇ ಹೌದು. ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಕಾಣದ ದಾರಿಯಲ್ಲಿ ಓಡಲು ಬೇಕಾದ ವಿದ್ಯೆಯೂ ಒಂದಿದೆ. ಚಕ್ರದ ಕೆಳಗಿನ ನೆಲವನ್ನು ಆಯಾ ಕ್ಷಣದಲ್ಲಿ ಅರಿಯುವುದು, ಜಾರಿದಾಗ ಬೆದರಿ ಬ್ರೇಕು ಒತ್ತದೆ ಜಾರುವಿಕೆಯನ್ನೇ ತಿರುವಿಗೆ ಬಳಸುವುದು, ಪಕ್ಕದಲ್ಲಿ ನಂಬಿಕೆಯ ಜೊತೆಗಾರನನ್ನು ಇಟ್ಟುಕೊಳ್ಳುವುದು, ಕೆಟ್ಟ ಗಾಡಿಯನ್ನು ಕೈಯಾರೆ ಸರಿಮಾಡಿಕೊಳ್ಳುವುದು. ಕ್ಲಾರ್ಕನಿಗೆ ತನ್ನ ದೇಶದ ಕಾಡನ್ನು ಗೆಲ್ಲಲು ಹದಿನಾರು ವರ್ಷಗಳ ಸಾಧನೆ ಬೇಕಾಯಿತು. ಅಷ್ಟು ಕಾಲವೂ ಅವನು ಷೆಡ್ಡಿಗೆ ಮರಳುತ್ತಲೇ ಇದ್ದನು, ನವೆಂಬರ್ ಬಂದಾಗ ಕಾಡಿಗೆ ಹೋಗುತ್ತಲೇ ಇದ್ದನು.